ಸೂರ್ಯಾಸ್ತದೊಳಗೆ ಎಚ್ಚರದ ಗುಳಿಗೆ

ನನ್ನ ನಿದ್ದೆಗೆ ನಮ್ಮೂರಿನಲ್ಲಿ ಬಹುಕಾಲ ಒಳ್ಳೆಯ ಹೆಸರಿತ್ತು. ಬಸದಿಯಲ್ಲಿ ಪ್ರವಚನಕ್ಕೆ ಕೂತ ಐದು ನಿಮಿಷಕ್ಕೆ ನನ್ನ ಕಣ್ಣುಗಳು ಮುಚ್ಚಿಕೊಳ್ಳುತ್ತಿದ್ದವು. ಬೆನ್ನು ಮಾತ್ರ ನೆಟ್ಟಗೇ ಇರುತ್ತಿತ್ತು. ಚಿಕ್ಕಂದಿನಲ್ಲಿ ಬಾಗಿ ಕೂತರೆ ಅಪ್ಪ ಬೆನ್ನಿಗೆ ಗುದ್ದುತ್ತಿದ್ದರು, ಅದರ ಫಲ. ಹಿಂದೆ ಕೂತವರಿಗೆ ನಾನು ಧ್ಯಾನಸ್ಥ. "ನೋಡು, ಕೇಳೂದಂದ್ರ ಹಂಗ ಕೇಳಬೇಕ" ಎಂದು ತಾಯಂದಿರು ಮಕ್ಕಳಿಗೆ ನನ್ನನ್ನು ತೋರಿಸುತ್ತಿದ್ದರು. ಊರ ತಂಟೆ ತಕರಾರುಗಳಿಗೆ ಪಂಚನೆಂದು ನನ್ನನ್ನೇ ಕರೆಯುತ್ತಿದ್ದರು. ಎರಡೂ ಕಡೆಯವರು ಬೈದಾಡುವಾಗ ಯಾರ ಮುಖವನ್ನೂ ನೋಡದೆ, ಕಣ್ಣು ಮುಚ್ಚಿ, ಅಷ್ಟು ನಿಷ್ಪಕ್ಷಪಾತವಾಗಿ ಕೂರುವ ಪಂಚ ಸುತ್ತಲಿನ ಹಳ್ಳಿಗಳಲ್ಲಿ ಇರಲಿಲ್ಲ. ಗಲಾಟೆ ನಿಂತ ಸದ್ದಿಗೆ ಎಚ್ಚರವಾದಾಗ, "ಇಬ್ಬರೂ ಒಂದೊಂದ್ ಹೆಜ್ಜಿ ಹಿಂದ ಸರೀರಿ" ಎನ್ನುತ್ತಿದ್ದೆ. ಯಾವ ತಕರಾರಿಗೂ ಅದು ಹೊಂದುತ್ತಿತ್ತು. ನನ್ನ ತೀರ್ಪನ್ನು ಮೀರಿದವರು ಯಾರೂ ಇಲ್ಲ.

ಈ ಕೀರ್ತಿಯನ್ನು ಹಾಳು ಮಾಡಿದ್ದು ದ್ರಾಕ್ಷಿ. ಕಾಗವಾಡದ ಕಡೆ ದ್ರಾಕ್ಷಿ ತೋಟ ಇಟ್ಟವರಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಬಳ್ಳಿಯ ಕಡ್ಡಿ ಕತ್ತರಿಸಬೇಕು. ಎಲ್ಲಿ ಕತ್ತರಿಸಿದೆ ಎಂಬುದರ ಮೇಲೆ ಆ ವರ್ಷದ ಬೆಳೆ ನಿಂತಿರುತ್ತದೆ. ಆ ಏಪ್ರಿಲ್‌ನಲ್ಲಿ ಕತ್ತರಿ ಹಿಡಿದು ಒಂದು ಸಾಲಿಗೆ ಹೊಕ್ಕವನು ಅರ್ಧ ಸಾಲಿನಲ್ಲಿ ನಿದ್ದೆ ಹೋದೆ. ನಾನು ನಿದ್ದೆ ಹೋದೆನೇ ಹೊರತು ನನ್ನ ಕೈ ಹೋಗಲಿಲ್ಲ. ಅದು ಶ್ರದ್ಧೆಯಿಂದ ಕತ್ತರಿಸುತ್ತಲೇ ಮುಂದೆ ಸಾಗಿತ್ತು. ಎಚ್ಚರವಾದಾಗ ಸಾಲಿನ ಕೊನೆಯಲ್ಲಿದ್ದೆ. ಹಿಂದೆ ಹನ್ನೆರಡು ಬಳ್ಳಿಗಳು ಬೋಳಾಗಿ ನಿಂತಿದ್ದವು. ನೀರು ಹನಿಸುವ ಡ್ರಿಪ್ ಪೈಪು ಗೇಣುದ್ದದ ಸಮಾನ ತುಂಡುಗಳಾಗಿ ಬಿದ್ದಿತ್ತು. ಅಳತೆ ಪಟ್ಟಿ ಹಿಡಿದು ಎಚ್ಚರದಲ್ಲಿ ಕತ್ತರಿಸಿದ್ದರೂ ಅಷ್ಟು ಸಮ ಬರುತ್ತಿರಲಿಲ್ಲ.

ಹೆಂಡತಿ ಬಂದು ನೋಡಿದಳು. ಅವಳು ದಿಗ್ಗೇವಾಡಿಯವಳು. ಹೊಳೆದಂಡೆಯ ಜನ ಬೇಗ ಗಾಬರಿಯಾಗುವುದಿಲ್ಲ. "ಬಳ್ಳಿ ಚಿಗೀತಾವು ಬಿಡ್ರಿ," ಅಂದಳು. "ನಾಳಿ ಬೆರಳ ಕತ್ತರಿಸ್ಕೊಂಡ್ರ ಅದು ಚಿಗ್ಯೂದಿಲ್ಲ. ನಡೀರಿ ಮಿರಜಿಗಿ."

ಮಿರಜಿನ ಆಸ್ಪತ್ರೆಯಲ್ಲಿ ನನ್ನ ತಲೆಗೆ ಹತ್ತಾರು ವಯರು ಅಂಟಿಸಿ ಒಂದು ರಾತ್ರಿ ಮಲಗಿಸಿದರು. ಮರುದಿನ ಹಗಲಲ್ಲಿ ಎರಡೆರಡು ತಾಸಿಗೊಮ್ಮೆ, ಹೀಗೆ ಐದು ಸಲ, ಮತ್ತೆ ಮಲಗಲು ಹೇಳಿದರು. ಎಷ್ಟು ಬೇಗ ನಿದ್ದೆ ಬರುತ್ತದೆಂದು ಅಳೆಯುವ ಪರೀಕ್ಷೆಯಂತೆ. ಐದರಲ್ಲೂ ನಾನು ಮೂರು ನಿಮಿಷ ದಾಟಲಿಲ್ಲ. ಶಾಲೆಯಲ್ಲಿ ನನ್ನನ್ನು ಎರಡು ವರ್ಷ ಒಂದೇ ಇಯತ್ತೆಯಲ್ಲಿ ಕೂರಿಸಿದ ಗಣಿತದ ಮಾಸ್ತರರು ಬದುಕಿದ್ದರೆ ಈ ಪರೀಕ್ಷೆಯ ಫಲಿತಾಂಶದ ಕಾಗದವನ್ನು ಮಡಿಚಿ ಕೈಗೆ ಕೊಟ್ಟು ಬರುತ್ತಿದ್ದೆ. ಡಾಕ್ಟರು ಮರಾಠಿಯಲ್ಲಿ ವಿವರಿಸಿದರು. ಇದು ಸೋಮಾರಿತನವಲ್ಲ, ಮೆದುಳಿನಲ್ಲಿ ಎಚ್ಚರವನ್ನು ಹಿಡಿದಿಡುವ ಗುಂಡಿ ಸಡಿಲಾಗಿದೆ, ಕಾಯಿಲೆ. ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಮುಂಜಾನೆಯೇ ತೆಗೆದುಕೊಳ್ಳಬೇಕು, ತಡಮಾಡಿದರೆ ರಾತ್ರಿಯ ನಿದ್ದೆಯನ್ನು ತಿನ್ನುತ್ತದೆ ಎಂದರು.

ಹೆಂಡತಿಗೆ ಬೇರೆಯದೇ ಚಿಂತೆ. ಕ್ಯಾಪ್ಸೂಲಿನ ಸಿಪ್ಪೆಯನ್ನು ಪ್ರಾಣಿಯ ಎಲುಬಿನಿಂದ ಮಾಡುತ್ತಾರೆಂದು ಅವಳು ಕೇಳಿದ್ದಳು. ಇದು ಕ್ಯಾಪ್ಸೂಲ್ ಅಲ್ಲವಷ್ಟೆ ಎಂದು ಕೇಳಿದಳು. ಅಲ್ಲ, ಗುಳಿಗೆ. ಗುಳಿಗೆಯೊಳಗೆ ಏನಿದೆ? ಕೆಮಿಕಲ್, ಎಂದರು ಡಾಕ್ಟರು. "ಕೆಮಿಕಲ್ ಅಂದ್ರ ಶುದ್ಧ ಆತು" ಎಂದು ಸಮಾಧಾನದಿಂದ ಎದ್ದಳು.

ಗುಳಿಗೆ ಕೆಲಸ ಮಾಡಿತು. ಐವತ್ತೆಂಟನೆಯ ವಯಸ್ಸಿನಲ್ಲಿ ಹಗಲು ಎಂಬುದು ಎಷ್ಟು ಉದ್ದವಿದೆ ಎಂದು ನನಗೆ ಮೊದಲ ಸಲ ತಿಳಿಯಿತು. ಇಷ್ಟು ವರ್ಷ ಹತ್ತು ನಿಮಿಷವೆಂದು ನಾನು ನಂಬಿದ್ದ ಪಂಡಿತರ ಪ್ರವಚನ ಒಂದೂವರೆ ತಾಸಿನದಾಗಿತ್ತು. ಬಸದಿ ಕಮಿಟಿಯ ಅಧ್ಯಕ್ಷರ ಸ್ವಾಗತ ಭಾಷಣ ಅದಕ್ಕಿಂತ ಚಿಕ್ಕದೇನಲ್ಲ. ಹೆಂಡತಿ ಊಟದ ಹೊತ್ತಿಗೆ ಹೇಳುತ್ತಿದ್ದ ವಿಷಯಗಳಿಗೆ ಕೊನೆಯೂ ಇರುತ್ತಿತ್ತು. ಪಂಚಾಯಿತಿಯಲ್ಲಿ ಇಬ್ಬರ ಮಾತನ್ನೂ ಪೂರ್ತಿ ಕೇಳಿ, ಸುಳ್ಳು ಹೇಳುತ್ತಿರುವವನು ಯಾರೆಂದು ಬೆರಳು ಮಾಡಿ ತೋರಿಸಿದೆ. ಅಂದಿನಿಂದ ನನ್ನನ್ನು ಯಾರೂ ಪಂಚನಾಗಿ ಕರೆಯಲಿಲ್ಲ. "ಔಷಧ ನಿಮ್ಮನ್ನ ಕೆಡಿಸ್ತು ಬಿಡ್ರಿ" ಎಂದು ಅಧ್ಯಕ್ಷರು ಮನಸಾರೆ ಮರುಗಿದರು.

ಆ ಮಳೆಗಾಲದಲ್ಲಿ ಮುನಿಗಳೊಬ್ಬರು ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಹಾದು, ಕಾಲ್ನಡಿಗೆಯಲ್ಲಿ ನಮ್ಮೂರಿಗೆ ಚಾತುರ್ಮಾಸಕ್ಕೆ ಬಂದರು. ನಾಲ್ಕು ತಿಂಗಳು ಊರು ಬಿಟ್ಟು ಕದಲುವಂತಿಲ್ಲ. ಎಂಬತ್ತು ದಾಟಿದ ನಮ್ಮವ್ವ ಅಂದೇ ಹಿತ್ತಾಳೆಯ ಕಲಶವನ್ನು ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಲು ಕೂತಳು.

ಅವಳ ಆಸೆ ಒಂದೇ. ಮುನಿಗಳು ಒಮ್ಮೆ ನಮ್ಮ ಮನೆಯಲ್ಲಿ ಆಹಾರ ಸ್ವೀಕರಿಸಬೇಕು, ಅವಳು ತನ್ನ ಕೈಯಾರೆ ಅವರ ಅಂಜಲಿಗೆ ಒಂದು ತುತ್ತು ಹಾಕಬೇಕು. ಈ ಆಸೆಗೆ ಇನ್ನೊಂದು ಮಗ್ಗುಲೂ ಇತ್ತು. ಓಣಿಯ ಆಚೆ, ನಮ್ಮ ಬಾಗಿಲಿಗೆ ಎದುರಾಗಿ ನಮ್ಮ ಕಾಕುವಿನ ಮನೆ. ಕಾಕು ನಮ್ಮಪ್ಪನ ತಮ್ಮನ ಹೆಂಡತಿ, ಅವ್ವನಿಗೆ ನೆಗೆಣ್ಣಿ. ಹಿಂದಿನ ಚಾತುರ್ಮಾಸಗಳಲ್ಲಿ ಕಾಕುವಿನ ಮನೆಯಲ್ಲಿ ಮೂರು ಸಲ ಆಹಾರವಾಗಿತ್ತು, ನಮ್ಮಲ್ಲಿ ಒಮ್ಮೆಯೂ ಇಲ್ಲ. ಕಾಕು ಅದನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಮೂರು ಬೆರಳು ಮೇಲೆ ಮಾಡಿ ತಲೆ ಕೆರೆದುಕೊಳ್ಳುತ್ತಿದ್ದಳು, ಅಷ್ಟೆ.

ಮುನಿಗಳ ಆಹಾರವೆಂದರೆ ಊಟಕ್ಕೆ ಕರೆದಂತಲ್ಲ. ದಿನಕ್ಕೆ ಒಂದೇ ಸಲ, ನಿಂತು, ಕೈಯೇ ಪಾತ್ರೆಯಾಗಿ. ನೀರೂ ಆಗಲೇ, ಒಮ್ಮೆ ಮಾತ್ರ. ಬೆಳಿಗ್ಗೆ ಹತ್ತರ ಸುಮಾರಿಗೆ ಮನಸ್ಸಿನಲ್ಲೇ ಒಂದು ನಿಯಮ ಹಿಡಿದು, ಮೌನವಾಗಿ ಬಸದಿಯಿಂದ ಹೊರಡುತ್ತಾರೆ. ಬಾಗಿಲಲ್ಲಿ ಕಲಶ ಕಂಡರೆ ಎಂದೋ, ಎರಡು ತೆಂಗಿನಕಾಯಿ ಕಂಡರೆ ಎಂದೋ, ಆ ನಿಯಮ ಏನೆಂದು ಆಹಾರ ಮುಗಿಯುವವರೆಗೆ ಯಾರಿಗೂ ಹೇಳುವುದಿಲ್ಲ. ಅದು ಕೂಡಿ ಬಂದ ಬಾಗಿಲಲ್ಲಿ ನಿಲ್ಲುತ್ತಾರೆ. ಕೂಡದಿದ್ದರೆ ಉಪವಾಸವೇ ಹಿಂದಿರುಗುತ್ತಾರೆ. ಊಟದ ನಡುವೆ ಯಾರಾದರೂ ಎಡವಟ್ಟು ಮಾಡಿದರೆ ಅಲ್ಲಿಗೇ ಕೈ ಬಿಡುತ್ತಾರೆ. ಮರುದಿನದವರೆಗೆ ಹನಿ ನೀರಿಲ್ಲ. ಹಾಗಾಗಿ ಬಾಗಿಲಲ್ಲಿ ನಿಲ್ಲುವವರ ಹೊಣೆ ದೊಡ್ಡದು. ನಮ್ಮ ಮನೆಯಲ್ಲಿ ಅದಕ್ಕೆ ಅಜ್ಜನ ಕಾಲದ ಕಟ್ಟಳೆಯೊಂದಿತ್ತು. ಬಾಗಿಲಲ್ಲಿ ನಿಲ್ಲುವವರು ಬೆಳಗಿನಿಂದ ಬಾಯಿಗೆ ಏನೂ ಹಾಕಬಾರದು. ಮನೆಯ ಗಂಡಸು ಕಲಶ ಹಿಡಿಯಬೇಕು. ಅಪ್ಪ ತೀರಿಕೊಂಡಿದ್ದರು. ನಾನು ಒಬ್ಬನೇ ಮಗ. ಉಳಿದ ಗಂಡಸೆಂದರೆ ನಮ್ಮ ಹೋರಿ.

ಬಾಯಿಗೆ ಏನೂ ಹಾಕಬಾರದು ಎಂದಮೇಲೆ ಬೆಳಗಿನ ಗುಳಿಗೆಯೂ ಇಲ್ಲ. ಮೊದಲ ದಿನ ಮಡಿಪಂಚೆ ಉಟ್ಟು, ಕಲಶ ಹಿಡಿದು, ಅವ್ವನ ಪಕ್ಕದಲ್ಲಿ ನಿಂತೆ. ಓಣಿಯ ತಿರುವಿನಲ್ಲಿ ಮುನಿಗಳು ಕಾಣಿಸಿದ್ದು ನೆನಪಿದೆ. ಆಮೇಲೆ ಕಾಲ ಮೇಲೆ ತಣ್ಣೀರು ಸುರಿದಾಗಲೇ ನನಗೆ ಎಚ್ಚರ. ಕಲಶ ಬಾಗಿ ಬರಿದಾಗಿತ್ತು. ಪಕ್ಕದಲ್ಲಿ ಅವ್ವ ಒಬ್ಬಳೇ ದನಿ ಎತ್ತಿ "ನಮೋಸ್ತು, ನಮೋಸ್ತು" ಎಂದು ಕರೆಯುತ್ತಿದ್ದಳು. ಮುನಿಗಳ ಬೆನ್ನು ಮುಂದಿನ ಓಣಿಗೆ ತಿರುಗುತ್ತಿತ್ತು.

"ಅಕ್ಕಾ," ಎಂದಳು ಕಾಕು ಆಚೆಯ ಬಾಗಿಲಿನಿಂದ, "ನಿನ್ನ ಮಗ ಕಾಯೋತ್ಸರ್ಗ ಮಾಡಾಕತ್ತಾನೇನ? ಬಳ್ಳಿ ಗಿಳ್ಳಿ ಹಬ್ಬೀತು, ನೋಡ್ಕೋ ಮತ್ತ."

ಕಾಯೋತ್ಸರ್ಗವೆಂದರೆ ಅಲುಗಾಡದೆ ನಿಂತು ಮಾಡುವ ಧ್ಯಾನ. ಅವ್ವ ಒಳಗೆ ಬಂದು, ಆ ದಿನಕ್ಕೆಂದು ಮಾಡಿದ ಅಡುಗೆಯನ್ನು ನಮಗೇ ಬಡಿಸಿದಳು. ತಾನು ಉಣ್ಣಲಿಲ್ಲ.

ಹೀಗೆ ಎರಡೂವರೆ ತಿಂಗಳು. ದಿನವೂ ನಾನು ನಿಲ್ಲುತ್ತಿದ್ದೆ, ದಿನವೂ ನಿದ್ದೆ ಬರುತ್ತಿತ್ತು, ದಿನವೂ ಮುನಿಗಳು ಮುಂದೆ ಹೋಗುತ್ತಿದ್ದರು. ಅವರ ನಿಯಮಕ್ಕೂ ನನ್ನ ನಿದ್ದೆಗೂ ಸಂಬಂಧವಿತ್ತೋ ಇಲ್ಲವೋ ಯಾರು ಬಲ್ಲರು. ಅವ್ವನ ಮನಸ್ಸಿನಲ್ಲಿ ಮಾತ್ರ ಇತ್ತು. ಒಂದು ದಿನ ಕಲಶ ತಿಕ್ಕುತ್ತ, ನನ್ನ ಕಡೆ ನೋಡದೆ ಹೇಳಿದಳು:

"ಇನ್ನ ಐದ ವಾರ ಉಳದಾವು. ದೀಪಾವಳಿಗಿ ಹೊಂಟ ಹೋಗ್ತಾರ. ಮುಂದ ಯಾವೂರಿಗಿ ಬರ್ತಾರೋ. ನನ್ನ ಕೈ ಈಗ ನಡಗಾಕತ್ತೈತಿ. ಮುಂದಿನ ಸಲಕ್ಕ ತುತ್ತ ನಿಂದರ್ತೈತೋ ಇಲ್ಲೋ."

ಅವಳು ಬೈದಿದ್ದರೆ ಸಹಿಸುತ್ತಿದ್ದೆ. ಅದನ್ನು ಕೇಳಿ ನೇರವಾಗಿ ಬಸದಿಯ ಕಮಿಟಿಗೆ ಹೋದೆ.

ಕಮಿಟಿಯೆಂದರೆ ಮೂವರು. ಎರಡು ಟ್ರ್ಯಾಕ್ಟರುಗಳ ಒಡೆಯರಾದ ಅಧ್ಯಕ್ಷರು, ಪೂಜೆ ಪ್ರವಚನ ನೋಡಿಕೊಳ್ಳುವ ಪಂಡಿತರು, ಅಥಣಿಯಲ್ಲಿ ನೌಕರಿ ಮಾಡಿ ನಿವೃತ್ತರಾದ ಮಾಸ್ತರರು. ಡಾಕ್ಟರ ಚೀಟಿಯನ್ನೂ ಗುಳಿಗೆಯನ್ನೂ ಜಮಖಾನೆಯ ಮೇಲೆ ಇಟ್ಟು ನನ್ನ ಸಂಕಟ ಹೇಳಿದೆ. ಮೂವರೂ ಬಾಗಿ ಅವನ್ನು ನೋಡಿದರು.

"ಮೊದಲ ಒಂದ ಇತ್ಯರ್ಥ ಆಗ್ಲಿ," ಎಂದರು ಅಧ್ಯಕ್ಷರು. "ಗುಳಿಗಿ ಅಂದ್ರ ಆಹಾರ ಹೌದೋ ಅಲ್ಲೋ?"

"ಹೊಟ್ಟಿ ತುಂಬತೈತೇನ್ರಿ?" ಎಂದು ಮಾಸ್ತರರು ನನ್ನನ್ನು ಕೇಳಿದರು.

"ಇಲ್ರಿ."

"ಹಂಗಾರ ಆಹಾರ ಅಲ್ಲ."

"ಹೊಟ್ಟಿ ತುಂಬದಿದ್ರ ಆಹಾರ ಅಲ್ಲ ಅಂದ್ರ, ನಮ್ಮನ್ಯಾಗ ಸೊಸಿ ಮಾಡೂದು ಯಾವದೂ ಆಹಾರ ಅಲ್ಲ," ಎಂದರು ಪಂಡಿತರು. "ಅದು ಬ್ಯಾರೆ ಮಾತು. ನೀರ ಜೋಡಿ ನುಂಗ್ತಾರಲ್ಲ, ನೀರಿನ ಗತಿ ಏನ?"

"ನೀರಿಲ್ದ ನುಂಗ್ಲಿ," ಎಂದರು ಅಧ್ಯಕ್ಷರು.

ಅಲ್ಲೇ ಒಂದು ಪ್ರಯೋಗವಾಯಿತು. ಗುಳಿಗೆ ಗಂಟಲಲ್ಲಿ ಅಡ್ಡ ಕೂತಿತು. ನಾನು ಕೆಮ್ಮಿದ ರಭಸಕ್ಕೆ ಪಂಡಿತರು ಹಿಂದೆ ಸರಿದು, ಎಂಜಲಾಯಿತೆಂದು ಸ್ನಾನಕ್ಕೆ ಹೋದರು. ಅವರು ತಿರುಗಿ ಬರುವ ಹೊತ್ತಿಗೆ ಮಾಸ್ತರರಿಗೆ ದಾರಿ ಹೊಳೆದಿತ್ತು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ಔಷಧವಿಲ್ಲ. ಬೆಳಿಗ್ಗೆ ಆಹಾರಕ್ಕೆ ಮುಂಚೆಯೂ ಇಲ್ಲ. ಈ ಎರಡರ ನಡುವೆ ಸಿಗುವ ನಿರ್ದೋಷ ಹೊತ್ತು ಒಂದೇ, ಹಿಂದಿನ ಸಂಜೆ. ನಾಳೆಯ ಗುಳಿಗೆಯನ್ನು ಇಂದು ಸಂಜೆಯೇ ನುಂಗಿಬಿಟ್ಟರೆ ಯಾವ ಕಟ್ಟಳೆಯೂ ಮುರಿಯುವುದಿಲ್ಲ.

"ಡಾಕ್ಟರು ಮುಂಜಾನಿ ಅಂದಾರ್ರಿ," ಎಂದೆ.

"ಡಾಕ್ಟರಿಗೇನ, ದಿನಕ್ಕೊಂದ ಹೊಟ್ಟ್ಯಾಗ ಹೋದ್ರ ಆತು," ಎಂದರು ಅಧ್ಯಕ್ಷರು. "ಟೈಮ್ ಹೊಂದಸೂದು ನಮ್ಮ ಸಮಾಜದ ಕೆಲಸ."

ಗುಳಿಗೆಯನ್ನು ಸೂರ್ಯಾಸ್ತದೊಳಗೆ ಸೇವಿಸತಕ್ಕದ್ದು ಎಂದು ಠರಾವಿನ ಪುಸ್ತಕದಲ್ಲಿ ಸರ್ವಾನುಮತದಿಂದ ಬರೆದು, ಮೂವರೂ ಸಹಿ ಮಾಡಿದರು. ಡಾಕ್ಟರ ಚೀಟಿಯ ಮೇಲೆ ಒಂದೇ ಸಹಿ ಇತ್ತು. ಬಹುಮತಕ್ಕೆ ತಲೆಬಾಗಿದೆ.

ಅಂದು ಸಂಜೆ ಆರಕ್ಕೆ, ಅವ್ವನ ಸಮಕ್ಷಮ, ಸೋಸಿ ಕಾಯಿಸಿದ ನೀರಿನಲ್ಲಿ ಗುಳಿಗೆ ನುಂಗಿದೆ. ಆ ರಾತ್ರಿ ಕಾಗವಾಡ ತಾಲೂಕಿನಲ್ಲಿ ನನ್ನಷ್ಟು ಎಚ್ಚರವಿದ್ದ ಮನುಷ್ಯ ಇರಲಿಕ್ಕಿಲ್ಲ. ಎಚ್ಚರವಿದ್ದು ಮಾಡಬೇಕಾದ ಕೆಲಸ ಮಾತ್ರ ಯಾವುದೂ ಇರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಗುಳಿಗೆ ತನ್ನ ಪಾಳಿ ಮುಗಿಸಿ ಹೊರಟಿತ್ತು. ಹತ್ತು ಗಂಟೆಗೆ, ಸರಿಯಾಗಿ ಮುನಿಗಳು ಓಣಿಗೆ ತಿರುಗಿದಾಗ, ನಾನು ಬಾಗಿಲ ಚೌಕಟ್ಟಿಗೆ ಒರಗಿ ಹಿಂದೆಂದೂ ಮಾಡದಂಥ ನಿದ್ದೆ ಮಾಡಿದೆ. ಮುಂದಿನದನ್ನು ಹೆಂಡತಿ ಹೇಳಿದ್ದು. ಕಲಶದ ಮೇಲಿದ್ದ ತೆಂಗಿನಕಾಯಿ ಜಾರಿ ಬಿದ್ದು, ಓಣಿಯ ಇಳಿಜಾರಿನಲ್ಲಿ ಉರುಳಿ, ಕಾಕುವಿನ ಮೆಟ್ಟಿಲಿಗೆ ಬಡಿದು ನಿಂತಿತು. ಅವಳ ಕೈಯಲ್ಲಿ ಆಗಲೇ ಒಂದು ಕಾಯಿತ್ತು. ಇದನ್ನೂ ಎತ್ತಿಕೊಂಡಳು. ಮುನಿಗಳು ಅವಳ ಮುಂದೆ ನಿಂತರು. ಅಂದಿನ ನಿಯಮ ಎರಡು ತೆಂಗಿನಕಾಯಿ ಎಂದು ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ಕಾಕು ಸ್ವತಃ ಬಂದಳು. "ಸುಳ್ಳ್ಯಾಕ ಹೇಳ್ಲಿ ಅಕ್ಕಾ, ಒಂದ ಕಾಯಿ ನಿಮ್ಮದ," ಎಂದು ಸೆರಗಿನಿಂದ ತೆಗೆದು ಕಟ್ಟೆಯ ಮೇಲಿಟ್ಟಳು. ಇಡುವಾಗ ನಾಲ್ಕು ಬೆರಳು ಎದ್ದು ಕಾಣುವಂತೆ ಇಟ್ಟಳು.

ಮುಂದಿನ ಎರಡು ದಿನವೂ ಬೆಳಿಗ್ಗೆ ಅವ್ವ ತಪ್ಪದೆ ಬಾಗಿಲಲ್ಲಿ ನಿಂತಳು. ಕಲಶವನ್ನು ನನ್ನ ಕೈಗೆ ಕೊಡುವಾಗ ಒಂದು ಗಳಿಗೆ ಹೆಚ್ಚು ಹಿಡಿದುಕೊಂಡಿರುತ್ತಿದ್ದಳು, ಬಿಡಲೋ ಬೇಡವೋ ಎಂಬಂತೆ.

ಮೂರನೆಯ ದಿನ ಹೆಂಡತಿ ದನದ ಕೊಟ್ಟಿಗೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. "ಇಲ್ಲೆ ಕೇಳ್ರಿ. ಮುಂಜಾನಿ ಆರಕ್ಕ ಸುಮ್ನ ನುಂಗಿಬಿಡ್ರಿ. ಅತ್ತಿಗೂ ಬ್ಯಾಡ, ಕಮಿಟಿಗೂ ಬ್ಯಾಡ."

"ಕಟ್ಟಳಿ?"

"ಕಟ್ಟಳಿ ಮಾಡಿದ ಅಜ್ಜಗ ಹಗಲ ಹೊತ್ತು ನಿದ್ದಿ ಬರ್ತಿತ್ತೇನ? ಮುದುಕಿ ಮುಖ ನೋಡ್ರಿ ಒಂದ್ಸಲ. ಎಚ್ಚರಿದ್ದಾಗ ನೋಡ್ರಿ."

ಕೊಟ್ಟಿಗೆಯಲ್ಲೇ, ಎಮ್ಮೆ ಸಾಕ್ಷಿಯಾಗಿ, ಗುಳಿಗೆ ನುಂಗತೊಡಗಿದೆ. ಹತ್ತು ಗಂಟೆಗೆ ನಮ್ಮ ಓಣಿ ಹೇಗಿರುತ್ತದೆ ಎಂಬುದನ್ನು ಆ ವಾರ ಕಂಡೆ. ಪ್ರತಿ ಬಾಗಿಲಲ್ಲೂ ಜನ. ಒಬ್ಬರ ಕೈಯಲ್ಲಿ ಮಾವಿನೆಲೆ, ಒಬ್ಬರ ಕೈಯಲ್ಲಿ ಬಾಳೆಗೊನೆ. ನಿಯಮವನ್ನು ಊಹಿಸಿ ಊಹಿಸಿ ಸೋತ ಒಬ್ಬ ಮಹಾನುಭಾವರು ಎಲ್ಲಕ್ಕೂ ಇರಲಿ ಎಂದು ಕೊರಳಲ್ಲಿ ಹಾರ, ತಲೆಯ ಮೇಲೆ ಕಲಶ, ಎರಡೂ ಕಂಕುಳಲ್ಲಿ ಕಬ್ಬು ಇಟ್ಟುಕೊಂಡು ನಿಲ್ಲುತ್ತಿದ್ದರು. ಇವರೆಲ್ಲರ ನಡುವೆ ನಮ್ಮವ್ವ. ಮುನಿಗಳು ಸಮೀಪಿಸಿದಂತೆ ಅವಳು ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದಳು, ಅವರು ದಾಟಿ ಹೋದಮೇಲೆ ಹಿಮ್ಮಡಿ ಊರುತ್ತಿದ್ದಳು. ಎರಡು ತಿಂಗಳಿಗೂ ಹೆಚ್ಚು ಇದು ನನ್ನ ಪಕ್ಕದಲ್ಲೇ ನಡೆದಿತ್ತು. ನಾನು ನೋಡಿರಲಿಲ್ಲ.

ಐದನೆಯ ದಿನ ಮುನಿಗಳು ನಮ್ಮ ಬಾಗಿಲ ಮುಂದೆ ಬಂದು ನಿಂತರು.

ನಿಂತರು ಎಂಬುದು ಅವ್ವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು "ನಮೋಸ್ತು" ಎನ್ನುತ್ತಲೇ ಇದ್ದಳು. ಮೂರು ಪ್ರದಕ್ಷಿಣೆ ಹಾಕಿದೆವು. ಮುಂದಿನ ಮಾತುಗಳನ್ನು ಕಲಶ ಹಿಡಿದವನು ಹೇಳಬೇಕು. ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ, ಆಹಾರ ನೀರು ಶುದ್ಧ ಎಂದು ಮುನಿಗಳ ಎದುರು ನಿಂತು ಒಪ್ಪಿಸಿದ ಮೇಲೆಯೇ ಅವರು ಹೊಸ್ತಿಲು ದಾಟುವುದು. ಚಿಕ್ಕಂದಿನಿಂದ ಬಾಯಿಪಾಠವಾದ ಮಾತು. ಎಂದಿನಂತೆ ಅರೆನಿದ್ದೆಯಲ್ಲಿದ್ದಿದ್ದರೆ ಸರಾಗವಾಗಿ ಹೇಳಿ ಮುಗಿಸಿರುತ್ತಿದ್ದೆ. ದುರದೃಷ್ಟಕ್ಕೆ ಪೂರ್ತಿ ಎಚ್ಚರವಿದ್ದೆ.

"ಮನ ಶುದ್ಧಿ," ಎಂದೆ. "ವಚನ ಶುದ್ಧಿ." ಅಲ್ಲಿಗೆ ನಾಲಿಗೆ ನಿಂತಿತು. ವಚನ ಶುದ್ಧವೆಂದು ಈಗಷ್ಟೇ ಹೇಳಿದ ಬಾಯಲ್ಲಿ ಮುಂದಿನದನ್ನು ಹೇಳುವುದು ಹೇಗೆ? ಕಬ್ಬಿನವರು ಸಹ ಕಬ್ಬು ಕೆಳಗಿಳಿಸಿ ನೋಡುತ್ತಿದ್ದರು.

"ಸ್ವಾಮಿ, ಮುಂಜಾನಿ ಒಂದ ಗುಳಿಗಿ ತಗೊಂಡೇನ್ರಿ. ನಿದ್ದಿ ಬರಬಾರದಂತ. ನೀರೂ ಕುಡದೇನಿ. ಅವ್ವಗ ಹೇಳಿಲ್ಲ."

ಮುನಿಗಳು ಮೌನದಲ್ಲಿದ್ದರು, ಉತ್ತರ ಕೊಡುವಂತಿರಲಿಲ್ಲ. ನನ್ನನ್ನು ನೋಡಿದರು. ಆಮೇಲೆ ಅವ್ವನನ್ನು ನೋಡಿದರು. ಒಳಗೆ ಹೆಜ್ಜೆ ಇಡಲಿಲ್ಲ, ತಿರುಗಲೂ ಇಲ್ಲ. ಅವರು ತಿರುಗಿದರೆ ಮುಗಿಯಿತು. ಇಂದಿನ ಮಟ್ಟಿಗಲ್ಲ, ಅವ್ವನ ಮಟ್ಟಿಗೆ ಪೂರ್ತಿ ಮುಗಿಯಿತು. ನಾನು ಅವಳ ಮುಖ ನೋಡುವ ಧೈರ್ಯ ಮಾಡಲಿಲ್ಲ.

ಅವಳು ನನ್ನ ಕೈಯಿಂದ ಕಲಶ ತೆಗೆದುಕೊಂಡಳು.

"ಅವಂದ ಅಂವ ಹೇಳ್ಯಾನ್ರಿ, ಸ್ವಾಮಿ," ಎಂದಳು. "ಅಂವ ಹೊರಗ ನಿಂದರ್ತಾನ. ಅಜ್ಜನ ಕಟ್ಟಳಿಗೆ ಗಂಡಸ ಬೇಕಿತ್ತು, ನಿಮಗ ಬೇಕಂತ ನೀವೇನೂ ಹೇಳಿಲ್ಲ. ನನ್ನ ಮನ ಶುದ್ಧಿ, ವಚನ ಶುದ್ಧಿ, ಕಾಯ ಶುದ್ಧಿ. ಆಹಾರ, ನೀರು ಶುದ್ಧ ಅದಾವು. ಒಳಗ ದಯಮಾಡಸ್ರಿ."

ಮುನಿಗಳು ಹೊಸ್ತಿಲು ದಾಟಿದರು.

ನಾನು ಸುತ್ತಿಕೊಂಡು ಹಿತ್ತಲಿಗೆ ಓಡಿ ಅಡುಗೆಮನೆಯ ಕಿಟಕಿಯ ಹೊರಗೆ ನಿಂತೆ. ಅವ್ವ ಪಾದ ತೊಳೆದಳು. ಹೆಂಡತಿ ಒಂದೊಂದೇ ಪಾತ್ರೆ ಮುಂದೆ ಸರಿಸಿದಳು. ಅವ್ವನ ಕೈ ನಡುಗುತ್ತಿತ್ತು. ಮೊದಲ ತುತ್ತು ಅಂಜಲಿಯ ಅಂಚಿಗೆ ಬಿದ್ದು, ಬೀಳಲೋ ನಿಲ್ಲಲೋ ಎಂದು ಅನುಮಾನಿಸಿತು. ಮುನಿಗಳು ಕೈಯನ್ನು ಕೂದಲೆಳೆಯಷ್ಟು ಅವಳ ಕಡೆಗೆ ಸರಿಸಿದರು. ತುತ್ತು ನಿಂತಿತು. ಆಮೇಲೆ ಹಾಲು, ಅನ್ನ, ಬೇಳೆ, ನೀರು. ನಾನು ಕಿಟಕಿಯ ಸರಳು ಹಿಡಿದು ಕಣ್ಣು ಮಿಟುಕಿಸದೆ ನೋಡಿದೆ. ಯಾವುದೂ ಎಡವಲಿಲ್ಲ.

ಮುನಿಗಳು ಹೋದ ಮೇಲೆ ಅವ್ವ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ನಾನು ದೂರದಲ್ಲೇ ನಿಂತೆ, ಕರೆಯಲೆಂದು. ಗುಳಿಗೆಯ ಮಾತು ಎತ್ತುತ್ತಾಳೆ ಎಂದುಕೊಂಡಿದ್ದೆ. ಓಣಿ ದಾಟಿ ಬಂದ ಕಾಕು ಈ ಸಲ ಬೆರಳು ಗಿರಳು ಏನೂ ತೋರಿಸಲಿಲ್ಲ, ಪಕ್ಕದಲ್ಲೇ ಕೂತಳು.

"ಹೆಂಗಾತು ಅಕ್ಕಾ? ಹೇಳು ಮತ್ತ."

"ನನಗೇನ ಗೊತ್ತ ಬೇ," ಎಂದಳು ಅವ್ವ. ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಲೇ ಇದ್ದಳು. "ಕಣ್ಣಾಗ ನೀರ ತುಂಬಿ ಏನೂ ಕಾಣಲಿಲ್ಲ. ಎಲ್ಲಿ ಹಾಕಿದ್ನೋ, ಏನ ಹಾಕಿದ್ನೋ. ಅವನ್ನ ಕೇಳು, ಅಂವ ಕಿಟಕ್ಯಾಗ ಇದ್ದ." ಆಮೇಲೆ ನನ್ನ ಕಡೆ ತಿರುಗಿದಳು. "ಬಾ ಇಲ್ಲೆ. ಕುಂಡ್ರು. ಪೂರ್ತಿ ನೋಡಿಯೋ, ನಡಕ ಎಲ್ಲೆರ ತೂಕಡಿಸಿಯೋ?"

"ಪೂರ್ತಿ ನೋಡೇನಿ."

"ಹಂಗಾರ ಸಾವಕಾಶ ಹೇಳು. ಮೊದಲನೇ ತುತ್ತ ಕೈಯಾಗ ನಿಂತಿತೇನ?"

ನಿಂತಿತು ಎಂದೆ. ಹೇಗೆ ನಿಂತಿತು ಎಂದಳು. ನನ್ನದೇ ಅಂಗೈಗಳನ್ನು ಕೂಡಿಸಿ, ಹೀಗೆ, ಇಷ್ಟು ಸರಿಸಿದರು ಎಂದು ತೋರಿಸಿದೆ. ಅವ್ವ ನನ್ನ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿ, ಆ ಇಷ್ಟು ಎಂದರೆ ಎಷ್ಟು ಎಂದು ಮತ್ತೆ ಕೇಳಿದಳು.